ಮೆರಿಟ್ಟಿನವರು ಸೋತ ದಿನ

ಕ್ರಿಕೆಟ್ಟಿನ ಬಗ್ಗೆ ಬರೆಯುವುದು ನಮ್ಮಂಥವರ ಕೆಲಸವಲ್ಲ ಎನ್ನುವ ಗೆಳೆಯರಿದ್ದಾರೆ. ಅದು ಉಳ್ಳವರ ಆಟ, ಬಿಳೀ ಬಟ್ಟೆ ತೊಟ್ಟು ಐದು ದಿನ ಬಯಲಲ್ಲಿ ನಿಂತಿರಲು ಪುರುಸೊತ್ತಿದ್ದವರ ಆಟ, ಕೂಲಿನಾಲಿ ಮಾಡಿ ಉಣ್ಣುವವನಿಗೆ ಅದರಲ್ಲೇನಿದೆ ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಕೂಲಿ ಮಾಡುವವನ ಮಗನ ಕೈಯಲ್ಲೂ ಇವತ್ತು ಫೋನಿದೆ, ಫೋನಿನಲ್ಲಿ ಸ್ಕೋರಿದೆ. ಭಾರತ ಗೆದ್ದರೆ ಊರಲ್ಲೂ ಪಟಾಕಿ ಹೊಡೆಯುತ್ತಾರೆ, ಕೇರಿಯಲ್ಲೂ ಹೊಡೆಯುತ್ತಾರೆ. ಅವತ್ತೊಂದು ದಿನ 'ನಾವು ಗೆದ್ದೆವು' ಎನ್ನುವಾಗ ಆ 'ನಾವು' ಎಂಬ ಪದದೊಳಗೆ ನಮ್ಮನ್ನೂ ಸೇರಿಸಿಕೊಂಡಿರುತ್ತಾರೆ. ಹಾಗಾಗಿ ಗೆದ್ದ ದಿನ ನೋಡಿದರೆ ಏನೂ ತಿಳಿಯುವುದಿಲ್ಲ. ಸೋತ ದಿನ ನೋಡಬೇಕು. ಅದೂ ಹೀನಾಯವಾಗಿ ಸೋತ ದಿನ. ಆ 'ನಾವು' ಒಳಗಿಂದ ಯಾರನ್ನು ಮೊದಲು ಹೊರಗೆ ತಳ್ಳುತ್ತಾರೆ ಎಂಬುದು ಅವತ್ತು ಗೊತ್ತಾಗುತ್ತದೆ.

ಅಂಥದೊಂದು ಸೋಲು 2025ರ ನವೆಂಬರ್ 26ರಂದು ಬಂತು. ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಭಾರತ 408 ರನ್ನುಗಳಿಂದ ಸೋತಿತು. 549 ಹೊಡೆಯಬೇಕಿತ್ತು, 140ಕ್ಕೆ ಅಂಗಡಿ ಮುಚ್ಚಿತು. 1932ರಲ್ಲಿ ಟೆಸ್ಟ್ ಆಡಲು ಶುರುಮಾಡಿದ ಮೇಲೆ ರನ್ನಿನ ಲೆಕ್ಕದಲ್ಲಿ ಇಷ್ಟು ದೊಡ್ಡ ಸೋಲನ್ನು ಭಾರತ ಕಂಡಿರಲಿಲ್ಲ. ಅದಕ್ಕೆ ಮುಂಚಿನದು 2004ರಲ್ಲಿ ನಾಗಪುರದಲ್ಲಿ ಆಸ್ಟ್ರೇಲಿಯದ ಎದುರಿನ 342. ಹತ್ತು ದಿನ ಮುಂಚೆ ಕೊಲ್ಕತ್ತದಲ್ಲಿ 124 ಹೊಡೆಯಲಾಗದೆ 93ಕ್ಕೆ ಆಲೌಟಾಗಿದ್ದರು. ವರ್ಷದ ಹಿಂದೆ, 2024ರ ಅಕ್ಟೋಬರಿನಲ್ಲಿ, ನಮ್ಮ ಬೆಂಗಳೂರಿನಲ್ಲೇ ನ್ಯೂಜಿಲೆಂಡಿನ ಎದುರು 46ಕ್ಕೆ ಆಲೌಟಾಗಿ, ಆ ಸರಣಿಯ ಮೂರೂ ಪಂದ್ಯ ಸೋತಿದ್ದರು. ಹೀಗೆ ಮೇಲಿಂದ ಮೇಲೆ ಏಟು ತಿಂದ ಜನಕ್ಕೆ ಗುವಾಹಟಿಯಲ್ಲಿ ಸಿಟ್ಟು ನೆತ್ತಿಗೇರಿತ್ತು. ಮೈದಾನದಲ್ಲೇ ಕೋಚ್ ಗೌತಮ್ ಗಂಭೀರ್ ವಿರುದ್ಧ 'ಹಾಯ್ ಹಾಯ್' ಎಂದು ಕೂಗಿದರು. ದುಡ್ಡು ಕೊಟ್ಟು ಬಂದವರು, ಕೂಗಲಿ. ಅದರಲ್ಲಿ ನನಗೆ ತಕರಾರಿಲ್ಲ.

ನನ್ನ ತಕರಾರು ನಮ್ಮ ಸ್ಟಾಫ್ ರೂಮಿನದು.

ನವೆಂಬರ್ 26 ಸಂವಿಧಾನ ದಿನ. ನಮ್ಮ ಹೈಸ್ಕೂಲಿನಲ್ಲಿ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪೀಠಿಕೆ ಓದಿಸಿದೆವು. ಓದಿಸಿದವರು ನನ್ನ ಸಹೋದ್ಯೋಗಿಯೊಬ್ಬರು. ಒಳ್ಳೆಯ ಕಂಠ. ಸಮಾನತೆ ಎಂಬ ಪದ ಬಂದಾಗ ಮಕ್ಕಳ ಕೈಲಿ ಇನ್ನೂ ಜೋರಾಗಿ ಹೇಳಿಸಿದರು. ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಅವರೇ ಮೇಜಿನ ಮೇಲೆ ಫೋನು ಒರಗಿಸಿಕೊಂಡು ಕೂತಿದ್ದರು, ಸುತ್ತ ನಾಲ್ಕೈದು ಜನ. ಆಟ ಮುಗಿಯಿತು. ಎಲ್ಲರೂ ಒಂದು ಗಳಿಗೆ ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದರು. ಆಮೇಲೆ ಅವರೆಂದರು:

"ರಿಸರ್ವೇಶನ್ನಲ್ಲಿ ಬಂದೋರ ತರ ಆಡ್ತಾರಲ್ರೀ ಇವ್ರು!"

ಎಲ್ಲರೂ ನಕ್ಕರು. ನಗುವ ಮುಂಚೆ ಒಬ್ಬರು ನನ್ನ ಕಡೆ ನೋಡಿದರು. ನೋಡಿದ ಮೇಲೂ ನಕ್ಕರು. ನೀರಿನ ಜಗ್ಗು ಇಡಲು ಬಂದಿದ್ದ ಒಂಬತ್ತನೇ ಕ್ಲಾಸಿನ ಹುಡುಗ, ನಮ್ಮ ಕೇರಿಯವನೇ, ಬಾಗಿಲಲ್ಲಿ ನಿಂತಿದ್ದ.

ಗೆಳೆಯರೇ, ಸ್ವಲ್ಪ ಯೋಚನೆ ಮಾಡಿ. ಆ ಹನ್ನೊಂದು ಜನರಲ್ಲಿ ಒಬ್ಬನೂ ಮೀಸಲಾತಿಯಿಂದ ಬಂದವನಲ್ಲ. ಭಾರತದ ಟೆಸ್ಟ್ ತಂಡಕ್ಕೆ ಯಾವತ್ತೂ ಜಾತಿಯ ಮೀಸಲಾತಿ ಇರಲಿಲ್ಲ. ಆಡಿದ್ದು ಮೆರಿಟ್ಟು, ಸೋತದ್ದೂ ಮೆರಿಟ್ಟು. ಗೆದ್ದಿದ್ದರೆ 'ನೋಡಿದ್ರಾ, ಮೆರಿಟ್ ಇದ್ದರೆ ಹಿಂಗಿರ್ತದೆ' ಎಂದು ನಮಗೆ ಪಾಠ ಹೇಳುತ್ತಿದ್ದರು. ಸೋತಾಗ ಮಾತ್ರ ಆ ಸೋಲಿಗೆ ಇಡಲು ಅವರ ನಾಲಿಗೆಗೆ ಸಿಕ್ಕಿದ್ದು ನಮ್ಮ ಹೆಸರು. ನಾವು ಆಡಲಿಲ್ಲ, ಆರಿಸಲಿಲ್ಲ, ಮಂಡಳಿಯ ಬಾಗಿಲೂ ಕಂಡಿಲ್ಲ. ಆದರೂ ಸೋತವರು ನಾವು.

ನಾನು ಹೇಳಿದೆ: "ಸಾರ್, ನಮ್ಮ ಟೀಮಿಗೆ ರಿಸರ್ವೇಶನ್ ಇಲ್ಲ. ಆ ಟೀಮಿಗೆ ಇದೆ. ಗೆದ್ದೋರು ಅವ್ರು."

"ಅದು ಬೇರೆ ಬಿಡಿ ಸಾರ್," ಅಂದರು.

ಅದು ಬೇರೆ ಬಿಡಿ! ನಮ್ಮ ಮಾತಿಗೆ ಉತ್ತರವಿಲ್ಲದಾಗಲೆಲ್ಲ ಕೇಳಿಬರುವ ಮಾತಿದು. ಏನದು ಬೇರೆ ಎಂದು ಸ್ವಲ್ಪ ನೋಡೋಣ.

ದಕ್ಷಿಣ ಆಫ್ರಿಕದಲ್ಲಿ ಬಿಳಿಯರ ಆಳ್ವಿಕೆ ಇದ್ದಾಗ ಅಲ್ಲಿನ ತಂಡದಲ್ಲಿ ಬಿಳಿಯರಿಗೆ ಮಾತ್ರ ಜಾಗ. ಅದು ನೂರಕ್ಕೆ ನೂರು ಕೋಟಾ. ಆದರೆ ಅದನ್ನು ಯಾರೂ ಕೋಟಾ ಎನ್ನಲಿಲ್ಲ. ಕೇಪ್‌ಟೌನಿನಲ್ಲಿ ಹುಟ್ಟಿದ ಬೇಸಿಲ್ ಡಿ'ಒಲಿವೇರಾ ಬಿಳಿಯನಲ್ಲವೆಂಬ ಕಾರಣಕ್ಕೆ ಸ್ವಂತ ದೇಶಕ್ಕೆ ಆಡಲಾಗದೆ ಇಂಗ್ಲೆಂಡಿಗೆ ಹೋಗಿ ಆ ತಂಡಕ್ಕೆ ಆಡಿದ. 1968ರಲ್ಲಿ, ಅವನಿರುವ ತಂಡವನ್ನು ಒಳಗೆ ಬಿಡುವುದಿಲ್ಲ ಎಂದಿತು ದಕ್ಷಿಣ ಆಫ್ರಿಕದ ಸರ್ಕಾರ, ಪ್ರವಾಸವೇ ರದ್ದಾಯಿತು. 1970ರಿಂದ ಎರಡು ದಶಕ ಆ ದೇಶವನ್ನು ಕ್ರಿಕೆಟ್ಟಿನಿಂದ ಹೊರಗಿಟ್ಟರು. 1991ರ ನವೆಂಬರಿನಲ್ಲಿ ವಾಪಸು ಬಂದು ಮೊದಲು ಆಡಿದ್ದು ನಮ್ಮ ಕೊಲ್ಕತ್ತದಲ್ಲೇ. ಅವತ್ತು ಆಡಿದ ಹನ್ನೊಂದು ಮಂದಿಯೂ ಬಿಳಿಯರು. ಕರಿಯ ಆಫ್ರಿಕನ್ನನೊಬ್ಬ, ಮಖಾಯಾ ಎನ್‌ಟಿನಿ, ಆ ದೇಶಕ್ಕೆ ಟೆಸ್ಟ್ ಆಡಲು 1998 ಬರಬೇಕಾಯಿತು. ಕಾನೂನು ಹೋದರೂ ಬಾಗಿಲು ತಾನಾಗಿ ತೆರೆಯುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೊನೆಗೆ 2016ರಲ್ಲಿ ಅಲ್ಲಿನ ಮಂಡಳಿ ಒಂದು ಗುರಿ ಹಾಕಿಕೊಂಡಿತು: ಒಂದು ವರ್ಷದ ಆಟಗಳ ಸರಾಸರಿ ತೆಗೆದರೆ ತಂಡದಲ್ಲಿ ಬಿಳಿಯರಲ್ಲದವರು ಆರು ಮಂದಿ ಇರಬೇಕು, ಅವರಲ್ಲಿ ಇಬ್ಬರಾದರೂ ಕರಿಯ ಆಫ್ರಿಕನ್ನರಿರಬೇಕು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಗುವಾಹಟಿಯಲ್ಲಿ ಆಡಿದವರಲ್ಲಿ ಬಿಳಿಯರೇ ಹೆಚ್ಚು. ರಬಾಡಗೆ ಗಾಯವಾಗಿದ್ದರಿಂದ ಕರಿಯ ಆಫ್ರಿಕನ್ ಇದ್ದದ್ದು ಒಬ್ಬನೇ. ಮೊದಲ ಇನ್ನಿಂಗ್ಸಿನಲ್ಲಿ ಆರು ವಿಕೆಟ್ ಕಿತ್ತ ಮಾರ್ಕೊ ಯಾನ್ಸೆನ್ ಬಿಳಿಯ. ಎರಡನೆಯದರಲ್ಲಿ ಆರು ಕಿತ್ತ ಸೈಮನ್ ಹಾರ್ಮರ್ ಬಿಳಿಯ. ಶತಕ ಹೊಡೆದ ಸೇನುರಾನ್ ಮುತ್ತುಸಾಮಿ ದರ್ಬನ್ನಿನವನು, ಮೂಲ ತಮಿಳುನಾಡು. ಆದ್ದರಿಂದ ಕೋಟಾ ಗೆದ್ದಿತು ಎಂದು ನಾನು ತಮಟೆ ಬಾರಿಸುತ್ತಿಲ್ಲ. ಕೋಟಾ ಇಟ್ಟುಕೊಂಡ ದೇಶ ಹಾಳಾಗಲಿಲ್ಲ, ಅಷ್ಟೇ. ಮೀಸಲಾತಿ ಬಂದರೆ ಆಸ್ಪತ್ರೆ ಹಾಳು, ಸೇತುವೆ ಬೀಳ್ತದೆ, ಆಟ ಕೆಡ್ತದೆ ಎಂದು ನಮ್ಮ ಕಿವಿಗೆ ಸುರಿಯುತ್ತ ಬಂದವರ ಬಾಯಿ ಮುಚ್ಚಿಸಲು ಅಷ್ಟು ಸಾಕು.

ಆ ಒಬ್ಬ ಕರಿಯ ಆಫ್ರಿಕನ್ನನೇ ನಾಯಕ. ತೆಂಬಾ ಬವುಮಾ. ಹುಟ್ಟಿದ್ದು 1990ರಲ್ಲಿ, ಕೇಪ್‌ಟೌನಿನ ಲಾಂಗಾದಲ್ಲಿ. ಲಾಂಗಾ ಎಂದರೆ ಕರಿಯರನ್ನು ನಗರದಿಂದಾಚೆ ಇಡಲು ಕಟ್ಟಿದ ಜಾಗ. ಅವರು ಟೌನ್‌ಶಿಪ್ ಎನ್ನುತ್ತಾರೆ, ಕೇರಿ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ಗಿಡ್ಡ ಮನುಷ್ಯ. 2016ರ ಜನವರಿಯಲ್ಲಿ ಇಂಗ್ಲೆಂಡಿನ ಎದುರು ನೂರು ಹೊಡೆದು, ದಕ್ಷಿಣ ಆಫ್ರಿಕದ ಪರ ಟೆಸ್ಟ್ ಶತಕ ಹೊಡೆದ ಮೊದಲ ಕರಿಯ ಆಫ್ರಿಕನ್ ಆದ. 'ಕೋಟಾ ಆಟಗಾರ' ಎಂಬ ಬೈಗುಳ ಆದರೂ ಬೆನ್ನು ಬಿಡಲಿಲ್ಲ. ಅವನ ದೇಶದಲ್ಲೂ ಅಂದರು. ನಮ್ಮ ದೇಶದ ಅಭಿಮಾನಿಗಳು ಅವನ ಎತ್ತರವನ್ನೂ ಸೇರಿಸಿ ಅಂದರು. 2025ರ ಜೂನಿನಲ್ಲಿ ಲಾರ್ಡ್ಸಿನಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ. ತೊಡೆಯ ಸ್ನಾಯು ಹಿಡಿದುಕೊಂಡು ಕುಂಟುತ್ತಲೇ 66 ಹೊಡೆದ. ಕೊಲ್ಕತ್ತದಲ್ಲಿ, ಯಾರಿಗೂ ನಿಲ್ಲಲಾಗದ ಪಿಚ್ಚಿನಲ್ಲಿ, ಔಟಾಗದೆ 55. ಆ ಇಡೀ ಪಂದ್ಯದಲ್ಲಿ ಐವತ್ತು ದಾಟಿದವನು ಅವನೊಬ್ಬನೇ.

ಅದೇ ಪಂದ್ಯದ ಮೊದಲ ದಿನ ನಮ್ಮ ಆಟಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತ ಅವನನ್ನು 'ಬೌನಾ' ಎಂದದ್ದು ಸ್ಟಂಪಿನ ಮೈಕಿನಲ್ಲಿ ಕೇಳಿಸಿತು. ಬೌನಾ ಎಂದರೆ ಕುಳ್ಳ, ಕುಬ್ಜ. ಎಷ್ಟೋ ಅಭಿಮಾನಿಗಳಿಗೆ ಅದು ತಮಾಷೆ. ಹತ್ತು ಹನ್ನೊಂದು ದಿನ ಕಳೆದು ಗುವಾಹಟಿಯಲ್ಲಿ ಆ ತಂಡದ ಕೋಚ್ ಶುಕ್ರಿ ಕಾನ್ರಾಡ್, ಭಾರತದವರು ಮಣ್ಣಲ್ಲಿ ತೆವಳಲಿ ಎಂಬ ಅರ್ಥ ಬರುವ ಒಂದು ಇಂಗ್ಲಿಷ್ ಪದ ಆಡಿದರು. ಕೆಟ್ಟ ಮಾತೇ. 1976ರಲ್ಲಿ ಇಂಗ್ಲೆಂಡಿನ ನಾಯಕ ಟೋನಿ ಗ್ರೆಗ್, ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಬಿಳಿಯ, ವೆಸ್ಟ್ ಇಂಡೀಸಿನವರ ಬಗ್ಗೆ ಅದೇ ಪದ ಬಳಸಿ, ಆ ಸರಣಿಯನ್ನು 3-0 ಸೋತು ಅನುಭವಿಸಿದ್ದ. ಆದರೆ ನಮ್ಮವರು ಎಗರಾಡಿದ್ದನ್ನು ನೋಡಬೇಕಿತ್ತು! ಬೌನಾ ಎಂದಾಗ ನಕ್ಕವರಿಗೆ ಅವಮಾನ ಎಂದರೇನೆಂದು ಏಕಾಏಕಿ ಅರ್ಥವಾಗಿಬಿಟ್ಟಿತ್ತು. ಒಂದು ಪದಕ್ಕೆ ಇಷ್ಟು ಉರಿ. ನಮ್ಮಪ್ಪ ದೊಡ್ಡ ಮನೆಯ ಅಂಗಳದಲ್ಲಿ ನಲವತ್ತು ವರ್ಷ ಬಗ್ಗಿ ನಿಂತಿದ್ದಕ್ಕೆ ಎಷ್ಟು ಉರಿಯಬೇಕು?

ಇನ್ನು ನಮ್ಮ ತಂಡದ ಮೆರಿಟ್ಟಿನ ಕಥೆ. ಜಾತಿಯ ಮೀಸಲಾತಿ ಇರಲಿಲ್ಲ ಎಂದೆನಲ್ಲ, ಅರಸರ ಮೀಸಲಾತಿ ಇತ್ತು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡಕ್ಕೆ ನಾಯಕ ಪಟಿಯಾಲದ ಮಹಾರಾಜ. 1936ರಲ್ಲಿ ನಾಯಕ ವಿಜಿಯನಗರಂನ ಮಹಾರಾಜಕುಮಾರ; ಮೂರು ಟೆಸ್ಟಿನ ಆರು ಇನ್ನಿಂಗ್ಸಿನಲ್ಲಿ ಹೊಡೆದದ್ದು 33 ರನ್. ಒಂದಕ್ಕಲ್ಲ, ಆರಕ್ಕೂ ಸೇರಿ. ಅವರನ್ನು ಕೋಟಾದವರು ಎಂದು ಯಾವ ಸ್ಟಾಫ್ ರೂಮಿನಲ್ಲೂ ನಕ್ಕಂತೆ ಕಾಣೆ.

ಪಟಿಯಾಲ ಮಹಾರಾಜನ ಅದೇ ತಂಡದಲ್ಲಿ ಪಲ್ವಂಕರ್ ಬಾಲೂ ಎಂಬವರಿದ್ದರು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಚಮ್ಮಾರರ ಮನೆ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸ, ತಿಂಗಳಿಗೆ ನಾಲ್ಕು ರೂಪಾಯಿ. ದೊರೆಗಳಿಗೆ ಅಭ್ಯಾಸವಾಗಲಿ ಎಂದು ಗಂಟೆಗಟ್ಟಲೆ ಬೌಲಿಂಗ್ ಮಾಡಬೇಕಿತ್ತು. ಬ್ಯಾಟು ಹಿಡಿಯಲು ಒಂದು ದಿನವೂ ಕೊಡಲಿಲ್ಲವಂತೆ. ಅವರ ಎಡಗೈ ನೋಡಿ ಹಿಂದೂ ತಂಡದವರು ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಮುಟ್ಟಲೇಬೇಕಲ್ಲ, ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ, ಕೈಯಲ್ಲಿ ಮಣ್ಣಿನ ಕುಡಿಕೆ. ಚೆಂಡಿಗಿಲ್ಲದ ಮೈಲಿಗೆ ಲೋಟಕ್ಕೆ! 1911ರಲ್ಲಿ ಆ ತಂಡ ಹೆಚ್ಚು ಪಂದ್ಯಗಳನ್ನು ಸೋತೇ ಬಂತು. ಆ ಸೋತ ತಂಡದಲ್ಲಿ ಬಾಲೂ ಒಬ್ಬರೇ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತಿದ್ದರು. ಅವರನ್ನು ಹಿಂದೂ ತಂಡದ ನಾಯಕನನ್ನಾಗಿ ಮಾಡಲಿಲ್ಲ. ಜಗಳವಾಡಿ, ಪ್ರತಿಭಟಿಸಿ, 1923ರಲ್ಲಿ ಅವರ ತಮ್ಮ ವಿಠ್ಠಲ ನಾಯಕನಾದ. ಧಾರವಾಡದ ಎಷ್ಟು ಶಾಲೆಗಳಲ್ಲಿ ಬಾಲೂ ಅವರ ಒಂದು ಪಟ ಇದೆಯೋ! ಆಮೇಲೆ ಮುನ್ನೂರಕ್ಕೂ ಹೆಚ್ಚು ಮಂದಿ ಭಾರತಕ್ಕೆ ಟೆಸ್ಟ್ ಆಡಿದರು. ಅದರಲ್ಲಿ ನಮ್ಮವರನ್ನು ಹುಡುಕಲು ಕೂತರೆ ಕೈಬೆರಳು ಪೂರಾ ಮಡಚಬೇಕಾಗಿಲ್ಲ.

ಸೋತವರ ಮೇಲೆ ಸಿಟ್ಟಾಗುವುದು ಹೊಸದಲ್ಲ. 1974ರಲ್ಲಿ ಲಾರ್ಡ್ಸಿನಲ್ಲಿ ಭಾರತ 42ಕ್ಕೆ ಆಲೌಟಾಗಿ, ಇನ್ನಿಂಗ್ಸ್ ಮತ್ತು 285 ರನ್ನಿನಿಂದ ಸೋತಿತು. ನಮ್ಮ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಇದ್ದ ತಂಡ ಅದು. ಸರಣಿ 3-0. ಮೂರು ವರ್ಷದ ಹಿಂದೆ ವೆಸ್ಟ್ ಇಂಡೀಸಿನಲ್ಲೂ ಇಂಗ್ಲೆಂಡಿನಲ್ಲೂ ಗೆದ್ದು ಬಂದಾಗ ಇದೇ ನಾಯಕ ಅಜಿತ್ ವಾಡೇಕರ್ ದೇವರಾಗಿದ್ದರು. ಇಂದೋರಿನಲ್ಲಿ ಕಾಂಕ್ರೀಟಿನ ದೊಡ್ಡ ಬ್ಯಾಟು ನಿಲ್ಲಿಸಿ ಆಟಗಾರರ ಹೆಸರು ಬರೆಸಿದ್ದರು. 1974ರಲ್ಲಿ ಆ ಬ್ಯಾಟಿಗೆ ಮಸಿ ಬಳಿದರು, ವಾಡೇಕರ್ ಮನೆಗೆ ಕಲ್ಲು ತೂರಿದರು. ಅವರು ಮತ್ತೆ ಟೆಸ್ಟ್ ಆಡಲಿಲ್ಲ.

ಅದೇ 1974ರಲ್ಲಿ ಇನ್ನೊಂದು ಸೋಲೂ ಇದೆ. ಟೆನಿಸ್ಸಿನ ಡೇವಿಸ್ ಕಪ್ ಫೈನಲ್ಲಿಗೆ ಭಾರತ ಬಂದಿತ್ತು. ಎದುರಾಳಿ ದಕ್ಷಿಣ ಆಫ್ರಿಕ. ವರ್ಣಭೇದದ ದೇಶದ ಜೊತೆ ನಾವು ಆಡುವುದಿಲ್ಲ ಎಂದು ಭಾರತ ಫೈನಲನ್ನೇ ಬಿಟ್ಟುಕೊಟ್ಟಿತು. ಕಪ್ಪು ಅವರ ಪಾಲಾಯಿತು. ನನ್ನನ್ನು ಕೇಳಿದರೆ ಈ ದೇಶ ಆಟದಲ್ಲಿ ಕಂಡ ದೊಡ್ಡ ದಿನ ಅದು. ಆದರೆ ಅದನ್ನು ನೆನೆಯುವವರು ಕಡಿಮೆ, 42 ಎಂಬ ಅಂಕಿ ಮಾತ್ರ ಅಜ್ಜಂದಿರಿಗೂ ಬಾಯಿಪಾಠ. ಇನ್ನೊಂದು ಮಾತು: ಅಲ್ಲಿನ ಕರಿಯರಿಗಾಗಿ ಕಪ್ ಬಿಟ್ಟುಕೊಟ್ಟ ಆ ವರ್ಷ ನಮ್ಮೂರಿನ ಹೋಟೆಲಿನಲ್ಲಿ ನಮ್ಮ ಜನಕ್ಕೆ ಬೇರೆ ಲೋಟ ಇತ್ತು, ಮಾಡಿನ ಕೆಳಗೆ ಸಿಕ್ಕಿಸಿರುತ್ತಿದ್ದರು.

ವಾಡೇಕರ್ ಮನೆಗೆ ಕಲ್ಲು ಬಿದ್ದದ್ದು ಅವರು ಸೋತದ್ದಕ್ಕೆ. ಅವರ ಜಾತಿ ಎತ್ತಿ ಯಾರೂ ಆಡಿದ್ದು ಕೇಳಿಲ್ಲ. ಇದರ ಪಕ್ಕದಲ್ಲಿ 2021ರ ಆಗಸ್ಟನ್ನು ಇಟ್ಟು ನೋಡಿ. ಟೋಕಿಯೋ ಒಲಿಂಪಿಕ್ಸಿನ ಹಾಕಿ. ಹರಿದ್ವಾರದ ಹತ್ತಿರದ ರೋಶನಾಬಾದಿನ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕದ ಎದುರು ಮೂರು ಗೋಲು ಹೊಡೆದು, ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದ ಭಾರತದ ಮೊದಲ ಹೆಣ್ಣುಮಗಳಾದಳು. ನಾಲ್ಕು ದಿನ ಕಳೆದು ಸೆಮಿಫೈನಲ್ಲಿನಲ್ಲಿ ತಂಡ ಅರ್ಜೆಂಟೀನಾಕ್ಕೆ ಸೋತಿತು. ಮನೆಯವರು ಪೊಲೀಸರಿಗೆ ಕೊಟ್ಟ ದೂರಿನ ಪ್ರಕಾರ, ಆ ಸಂಜೆ ಅವರ ಮನೆ ಮುಂದೆ ಕೆಲವರು ಬಂದು ಪಟಾಕಿ ಹೊಡೆದು ಕುಣಿದರು. ತಂಡದಲ್ಲಿ ದಲಿತರು ಹೆಚ್ಚಾದ್ದರಿಂದಲೇ ಸೋಲಾಯಿತು ಎಂದು ಜಾತಿ ಹಿಡಿದು ಬೈದರು. ಕೆಲವರ ಬಂಧನವೂ ಆಯಿತು. ದೇಶ ಸೋತಾಗ ಪಟಾಕಿ! ಅವರ ಲೆಕ್ಕದಲ್ಲಿ ಸೋತದ್ದು ದೇಶವಲ್ಲ, ಆ ಮನೆ.

ನಾನಿದನ್ನು ಪತ್ರಿಕೆಯಲ್ಲಿ ಓದಿದಾಗ ನೆನಪಾದದ್ದು 1987ರ ಮಾರ್ಚ್. ನನಗೆ ಹನ್ನೆರಡು ವರ್ಷ. ಬೆಂಗಳೂರಿನಲ್ಲಿ ಪಾಕಿಸ್ತಾನದ ಎದುರು ಟೆಸ್ಟ್. ಊರ ದೊಡ್ಡ ಮನೆಯ ಜಗುಲಿ ಮೇಲೆ ಟ್ರಾನ್ಸಿಸ್ಟರು, ಸುತ್ತ ಊರಿನವರು. ನಾವು ನಾಲ್ಕು ಹುಡುಗರು ಬೀದಿಯ ಆಚೆ ಬದಿಗೆ, ಹಲಸಿನ ಮರದ ಕೆಳಗೆ. ಕಾಮೆಂಟರಿಯ ಇಂಗ್ಲಿಷೂ ತಿಳಿಯದು, ಹಿಂದಿಯೂ ತಿಳಿಯದು. ಜಗುಲಿಯ ಮೇಲಿನ ಗದ್ದಲ ಏರಿದರೆ ಫೋರು, ಇಳಿದರೆ ಔಟು, ಹಾಗೆ ಆಟ ಕೇಳುತ್ತಿದ್ದೆವು. ಗವಾಸ್ಕರ್ 96ಕ್ಕೆ ಔಟಾದರು. ಜಗುಲಿ ಸತ್ತಂತಾಯಿತು. ನಮಗೂ ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು, ಗೆಳೆಯನೊಬ್ಬ ಅತ್ತೇಬಿಟ್ಟ. ಕೊನೆಗೆ 16 ರನ್ನಿನಿಂದ ಸೋತಾಗ ಯಜಮಾನರು ಎದ್ದು ಬಂದು ಜಗುಲಿಯ ಅಂಚಿನಲ್ಲಿ ನಿಂತು ನಮ್ಮ ಕಡೆ ನೋಡಿದರು.

"ಥೂ, ನಿಮ್ ಕಾಲ್ಗುಣ ಕಣ್ರೋ! ಬೆಳಗಿಂದ ಎದುರ್ಗೇ ನಿಂತವ್ರೆ ದರಿದ್ರ ನನ್ ಮಕ್ಳು. ನಡೀರ್ರೋ ಕೇರಿಗೆ!"

ನಾವು ಓಡಿದೆವು. ಅಳುತ್ತಿದ್ದವನು ಓಡುತ್ತಲೂ ಅಳುತ್ತಿದ್ದ. ಯಜಮಾನರು ಬೈದದ್ದಕ್ಕಲ್ಲ, ಭಾರತ ಸೋತದ್ದಕ್ಕೆ. ಮನೆಯಲ್ಲಿ ಹೇಳಿದರೆ ಅವ್ವ ಅಂದಳು: "ಅಲ್ಲಿಗ್ಯಾಕೆ ಹೋದ್ರಿ? ಅವ್ರ ಆಟ, ಅವ್ರ ರೇಡಿಯೋ, ಸೋತ್ಕಳ್ಳಿ." ಅವ್ವನ ಮಾತು ಅವತ್ತು ನನಗೆ ಹಿಡಿಸಲಿಲ್ಲ. ಇವತ್ತೂ ಪೂರಾ ಹಿಡಿಸುವುದಿಲ್ಲ. ಆಟ ಅವರದು ಹೇಗಾದೀತು? ಬಾಲೂ ಚೆಂಡು ತಿರುಗಿಸಿದ ಆಟ ಅದು.

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಹುಡುಗನ ವಿಷಯ ಹೇಳಿದೆನಲ್ಲ. ಅವನೊಬ್ಬ ಸ್ಪಿನ್ನರು. ಊರಿನ ಯುವಕರ ಟೂರ್ನಮೆಂಟಿಗೆ ಅವನನ್ನು ಕರೆಯುತ್ತಾರೆ, ಯಾಕೆಂದರೆ ಅವನಷ್ಟು ಚೆಂಡು ತಿರುಗಿಸುವವರು ಊರಲ್ಲಿಲ್ಲ. ಹನ್ನೊಂದನೆಯವನಾಗಿ ಬ್ಯಾಟು, ಅನೇಕ ಸಲ ಅದೂ ಇಲ್ಲ. ಗೆದ್ದರೆ ಫೋಟೋದಲ್ಲಿ ತುದಿಗೆ ನಿಲ್ಲುತ್ತಾನೆ. ಹೋದ ಸಲ ಫೈನಲ್ಲು ಸೋತಾಗ, ಕೊನೇ ಓವರು ಹಾಕಿದವನು ಬೇರೆಯವನಾದರೂ, ಮಾರನೇ ದಿನ ಟೀ ಅಂಗಡಿಯಲ್ಲಿ ಇವನ ಎರಡನೇ ಓವರಿನ ಲೆಕ್ಕ ತೆಗೆದರು.

ಅವತ್ತು ಸಾಯಂಕಾಲ ಸ್ಕೂಲಿನ ಗೇಟಿನ ಹತ್ತಿರ ಕಾಯುತ್ತಿದ್ದ.

"ಸಾ, ಬವುಮಾ ಕೋಟಾದೋನಾ ಸಾ?"

"ಅಂತಾರಪ್ಪ."

"ಗೆದ್ನಲ್ಲ ಸಾ."

"ಗೆದ್ದ."

ಸ್ವಲ್ಪ ದೂರ ಜೊತೆಗೇ ಬಂದ. ಮತ್ತೆ ಕೇಳಿದ: "ಅವ್ರ ಕೇರೀಲಿ ಗ್ರೌಂಡ್ ಇತ್ತಾ ಸಾ?"

ನನಗೆ ಗೊತ್ತಿದ್ದುದನ್ನು ಹೇಳಿದೆ. ಬವುಮಾ ತಾನೇ ಹೇಳಿಕೊಂಡಿದ್ದಾನೆ: ಲಾಂಗಾದಲ್ಲಿ ಹುಡುಗರು ಬೀದಿಯಲ್ಲೇ ಆಡುತ್ತಿದ್ದರು. ಬೀದಿಯ ಒಂದು ಬದಿ ಹದಗೆಟ್ಟು ಚೆಂಡು ಎತ್ತೆತ್ತಲೋ ಏಳುತ್ತಿತ್ತು, ಅದಕ್ಕೆ ಕರಾಚಿ ಅಂತ ಹೆಸರು. ಇನ್ನೊಂದು ಬದಿ ಮೆಲ್ಬೋರ್ನ್. ಚೊಕ್ಕಟವಾಗಿದ್ದ ಕಡೆ ಲಾರ್ಡ್ಸ್.

ಈಗ ನಮ್ಮ ಕೇರಿಯಲ್ಲೂ ಇದೇ ಜಗಳ. ಅಂಬೇಡ್ಕರ್ ಭವನದ ಮುಂದಿನ ಕಾಂಕ್ರೀಟ್ ರಸ್ತೆ ಲಾರ್ಡ್ಸ್ ಎನ್ನುವುದಕ್ಕೆ ಯಾರದೂ ತಕರಾರಿಲ್ಲ. ಚರಂಡಿ ಪಕ್ಕದ ಜಾಗ ಕರಾಚಿಯೋ ಮೆಲ್ಬೋರ್ನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಲಾರ್ಡ್ಸಿನ ಆಚೆ ದೊಡ್ಡ ಮನೆಯವರ ತೆಂಗಿನ ತೋಟ. ಚೆಂಡು ಬೇಲಿ ದಾಟಿ ಅದರೊಳಗೆ ಬಿದ್ದರೆ ಹುಡುಗರು ಇವತ್ತಿಗೂ ಬೇಲಿಯೀಚೆ ನಿಂತು ಕೂಗಿ ಕೇಳುತ್ತಾರೆ. ಒಳಗಿದ್ದವರಿಗೆ ಮನಸ್ಸಿದ್ದ ದಿನ ಚೆಂಡು ಬರುತ್ತದೆ.